ಹವಳದ ಮನೆಗೆ ಸುಣ್ಣ

ಹವಳವೆಂದೊಡನೆ ನಮಗೆ ನೆನಪಾಗುವುದು ನವರತ್ನಗಳಲ್ಲಿ ಒಂದಾದ ಕೆಂಪು ಮಣಿ. ಅಜ್ಜಿಯರ ಕೊರಳಿನ ಹವಳದ ಸರವನ್ನೋ ಉಂಗುರದಲ್ಲಿ ಕೂರಿಸಿದ ಹವಳವನ್ನೋ ಕಂಡವರು, ಅದನ್ನೂ ವಜ್ರ ವೈಡೂರ್ಯಗಳಂತೆ ನೆಲದಿಂದ ಅಗೆದು ತೆಗೆದ ಕಲ್ಲೆಂದೇ ತಿಳಿಯುವುದುಂಟು. ಆದರೆ ಹವಳವು ನೆಲದ ಕಲ್ಲಲ್ಲ. ಸಮುದ್ರದಲ್ಲಿ ಬಾಳುವ ಪುಟ್ಟ ಪ್ರಾಣಿಯೊಂದು ತನ್ನ ಮೈಯಿಂದಲೇ ಕಟ್ಟಿದ ಆಸರೆ. ಬಹುಕಾಲದವರೆಗೆ ವಿದ್ವಾಂಸರೂ ಅದನ್ನು ಸಸ್ಯವೆಂದು ಎಣಿಸಿದ್ದರು. ಹವಳದ ಹೂವುಗಳೆಂದು ಜನರು ಕರೆಯುತ್ತಿದ್ದುವು ನಿಜವಾಗಿ ಪ್ರಾಣಿಗಳು ಎಂದು 18ನೆಯ ಶತಮಾನದ ಮೊದಲ ಭಾಗದಲ್ಲಿ ಫ್ರಾನ್ಸಿನ ವೈದ್ಯನಾದ ಪೇಸೊನೆಲ್ ಹೇಳಿದಾಗ, ಅಂದಿನ ಪಂಡಿತರು ಅವನ ಮಾತನ್ನು ಒಪ್ಪಲು ಹಿಂಜರಿದರು. ಇಂದು ಆ ಸಂದೇಹ ಉಳಿದಿಲ್ಲ.

ಆಭರಣದ ಕೆಂಪು ಹವಳ ಒಂದು ಬಗೆ. ಉಷ್ಣವಲಯದ ತಿಳಿಗಡಲಿನಲ್ಲಿ ದಿಬ್ಬಗಳನ್ನು ಕಟ್ಟುವ ಕಲ್ಲುಹವಳ ಇನ್ನೊಂದು ಬಗೆ. ಈ ಪಾಠದಲ್ಲಿ ನಾವು ತಿಳಿಯಲಿರುವುದು ಎರಡನೆಯದರ ವಿಚಾರ. ಕಲ್ಲುಹವಳದ ಒಂದೊಂದು ಜೀವಿಗೂ ಪಾಲಿಪ್ ಎಂದು ಹೆಸರು. ಬಹುಪಾಲು ಪಾಲಿಪ್‌ಗಳು ಕೆಲವೇ ಮಿಲಿಮೀಟರ್ ಗಾತ್ರದವು. ಒಂದು ಬಾಯಿ, ಅದರ ಸುತ್ತ ಬಳ್ಳಿಯ ಕುಡಿಗಳಂತಹ ಸ್ಪರ್ಶಾಂಗಗಳು, ಕೆಳಗೆ ಗಟ್ಟಿಯಾದ ಬಟ್ಟಲು; ಅದರ ರಚನೆ ಇಷ್ಟೇ. ಅದರ ಮೈಯೊಳಗೆ ಏಕಕೋಶದ ಶೈವಲಗಳು ನೆಲೆಸಿರುತ್ತವೆ. ಅವು ಸೂರ್ಯನ ಬೆಳಕಿನಿಂದ ಆಹಾರವನ್ನು ತಯಾರಿಸಿ, ಅದರ ಹೆಚ್ಚಿನ ಪಾಲನ್ನು ತಮಗೆ ಆಶ್ರಯ ಕೊಟ್ಟ ಹವಳಕ್ಕೆ ಒಪ್ಪಿಸುತ್ತವೆ. ಈ ಬಲದಿಂದಲೇ ಹವಳವು ಕಟ್ಟಡದ ಕೆಲಸಕ್ಕೆ ತೊಡಗುತ್ತದೆ. ಆಸ್ಟ್ರೇಲಿಯದ ಪೂರ್ವ ತೀರದುದ್ದಕ್ಕೂ ಸುಮಾರು 2,300 ಕಿಲೋಮೀಟರ್ ಹಬ್ಬಿರುವ ಮಹಾ ಹವಳದಿಬ್ಬವಾಗಲಿ, ನಮ್ಮ ಲಕ್ಷದ್ವೀಪದ ನಡುಗಡ್ಡೆಗಳಾಗಲಿ ಈ ಅಲ್ಪ ಜೀವಿಗಳ ದುಡಿಮೆಯ ಫಲವೇ ಆಗಿವೆ.

ಈ ಕಟ್ಟಡಕ್ಕೆ ಬೇಕಾದ ಸಾಮಗ್ರಿ ಯಾವುದು? ಕೋಳಿಯ ಮೊಟ್ಟೆಯ ಚಿಪ್ಪು, ಕಪ್ಪೆಚಿಪ್ಪು, ಸುಣ್ಣದ ಕಲ್ಲು, ಅಮೃತಶಿಲೆ ಇವೆಲ್ಲ ಯಾವ ವಸ್ತುವಿನಿಂದ ಆಗಿವೆಯೋ ಅದೇ ಕ್ಯಾಲ್ಸಿಯಂ ಕಾರ್ಬೊನೇಟ್. ಹವಳವು ಇದನ್ನು ಎಲ್ಲಿಂದಲೋ ಹೊತ್ತು ತರುವುದಿಲ್ಲ. ಸುತ್ತಲಿನ ಕಡಲ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಒಂದು ಕಡೆ, ಬೈಕಾರ್ಬೊನೇಟ್ ಇನ್ನೊಂದು ಕಡೆ. ಎರಡನ್ನೂ ಹೀರಿಕೊಂಡು, ತನ್ನ ಬುಡದಲ್ಲಿ ಅವುಗಳನ್ನು ಕೂಡಿಸಿ, ಕಣ್ಣಿಗೆ ಕಾಣದಷ್ಟು ತೆಳುವಾದ ಪದರಗಳಾಗಿ ಹಾಸುತ್ತ ಹೋಗುತ್ತದೆ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿವೆ. ಅದರಲ್ಲಿ ಕ್ಯಾಲ್ಸಿಯಮ್ಮಿನ ಪಾಲು ಸುಮಾರು 420 ಮಿಲಿಗ್ರಾಂ. ಇದು ಅಲ್ಪವೆಂದು ತೋರಬಹುದು. ಆದರೆ ಸಾಗರವು ಅಪಾರವಾದುದು. ಹವಳಗಳು ಎಷ್ಟೇ ತೆಗೆದುಕೊಂಡರೂ ನದಿಗಳು ತಂದು ಸುರಿಯುತ್ತವೆ, ಅಲೆಗಳು ಹೊಸ ನೀರನ್ನು ತಂದೊಡ್ಡುತ್ತವೆ. ಆದ್ದರಿಂದ ಕಡಲಿನ ಹವಳಕ್ಕೆ ಸುಣ್ಣದ ಕೊರತೆಯ ಚಿಂತೆಯಿಲ್ಲ.

ಚಿಂತೆ ಹುಟ್ಟುವುದು ಹವಳವನ್ನು ಮನುಷ್ಯನು ಗಾಜಿನ ತೊಟ್ಟಿಗೆ ತಂದಾಗ. ಯುರೋಪು, ಅಮೆರಿಕ ಮೊದಲಾದ ಕಡೆಗಳಲ್ಲಿ ಬಣ್ಣದ ಮೀನುಗಳನ್ನು ಸಾಕುತ್ತಿದ್ದವರಿಗೆ ಹವಳವನ್ನೂ ಸಾಕಬೇಕೆಂಬ ಹಂಬಲ ಹುಟ್ಟಿತು. ಆದರೆ ತೊಟ್ಟಿಗೆ ಬಂದ ಹವಳಗಳು ಹೆಚ್ಚು ದಿನ ಬದುಕುತ್ತಿರಲಿಲ್ಲ. ಬಿಳಿಯ ಅಸ್ಥಿ ಮಾತ್ರ ಉಳಿಯುತ್ತಿತ್ತು. ಇಂಡೋನೇಷ್ಯದ ಜಕಾರ್ತದಲ್ಲಿದ್ದ ಲೀ ಚಿನ್ ಎಂಗ್ ಎಂಬುವರು, ಜೀವಾಣುಗಳು ತುಂಬಿದ ಕಡಲ ಬಂಡೆಗಳನ್ನೇ ತೊಟ್ಟಿಯಲ್ಲಿಟ್ಟು, ಗಾಳಿಯ ಗುಳ್ಳೆಗಳಿಂದ ನೀರನ್ನು ಆಡಿಸಿ ಕಡಲ ಜೀವಿಗಳನ್ನು ಉಳಿಸಿಕೊಂಡ ಬಗೆಯನ್ನು 1961ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ವಿವರಿಸಿದರು. 1970ರ ದಶಕದಲ್ಲಿ ಜರ್ಮನ್ ಭಾಷೆಯ ಲೇಖಕರಾದ ಪೀಟರ್ ವಿಲ್ಕೆನ್ಸ್ ಅವರು ತೊಟ್ಟಿಯ ಹವಳಕ್ಕೆ ಸುಣ್ಣದ ತಿಳಿನೀರನ್ನು ಕೊಡುವ ವಿಧಾನವನ್ನು ಬಳಕೆಗೆ ತಂದರು. ಹವಳವನ್ನು ಬದುಕಿಸುವುದಷ್ಟೇ ಅಲ್ಲ, ಬೆಳೆಸುವುದೂ ಅಲ್ಲಿಂದ ಮುಂದೆ ಸಾಧ್ಯವಾಯಿತು.

ಬೆಳೆಸುವುದರಲ್ಲಿ ಇರುವ ತೊಡಕನ್ನು ಒಂದು ಲೆಕ್ಕದಿಂದ ತಿಳಿಯೋಣ. 200 ಲೀಟರ್ ನೀರು ಹಿಡಿಯುವ ತೊಟ್ಟಿಯೊಂದು ಇದೆಯೆಂದುಕೊಳ್ಳಿ. ಲೀಟರಿಗೆ 420 ಮಿಲಿಗ್ರಾಮಿನಂತೆ ಅದರಲ್ಲಿರುವ ಒಟ್ಟು ಕ್ಯಾಲ್ಸಿಯಂ 84 ಗ್ರಾಂ. ಅದರಲ್ಲಿರುವ ಹವಳಗಳೆಲ್ಲ ಸೇರಿ ದಿನಕ್ಕೆ ಎರಡೂವರೆ ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟನ್ನು ಕಟ್ಟುತ್ತವೆ ಎನ್ನೋಣ. ಅಷ್ಟಕ್ಕೆ ಬೇಕಾದ ಕ್ಯಾಲ್ಸಿಯಂ ಒಂದು ಗ್ರಾಂ. ಹೊರಗಿನಿಂದ ಏನನ್ನೂ ಸೇರಿಸದಿದ್ದರೆ ದಿನದಿನಕ್ಕೂ ಭಂಡಾರ ಕರಗುತ್ತದೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆ ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆ.

ಆದರೆ ಕುಡಿಕೆ ಒಂದಲ್ಲ, ಎರಡು. ಎರಡನೆಯ ಕುಡಿಕೆಯ ಹೆಸರು ಕ್ಷಾರತೆ. ನೀರಿಗೆ ಆಮ್ಲ ಬಿದ್ದಾಗ ಅದನ್ನು ಎದುರಿಸಿ ನಿಲ್ಲುವ ಶಕ್ತಿ ಎಷ್ಟಿದೆ ಎಂಬುದೇ ಕ್ಷಾರತೆಯ ಅಳತೆ. ಕಡಲ ನೀರಿನಲ್ಲಿ ಈ ಶಕ್ತಿ ಬರುವುದು ಮುಖ್ಯವಾಗಿ ಬೈಕಾರ್ಬೊನೇಟಿನಿಂದ, ಸ್ವಲ್ಪಮಟ್ಟಿಗೆ ಕಾರ್ಬೊನೇಟಿನಿಂದ. ಇದನ್ನು ಪಿಎಚ್ ಎಂಬ ಇನ್ನೊಂದು ಅಳತೆಯೊಡನೆ ಬೆರೆಸಿ ಗೊಂದಲ ಮಾಡಿಕೊಳ್ಳಬಾರದು. ಇಂದಿನ ಊಟದ ಎಲೆಯಲ್ಲಿ ಏನಿದೆ ಎಂಬುದನ್ನು ಪಿಎಚ್ ಹೇಳಿದರೆ, ಮನೆಯ ಕಣಜದಲ್ಲಿ ಎಷ್ಟು ಕಾಳಿದೆ ಎಂಬುದನ್ನು ಕ್ಷಾರತೆ ಹೇಳುತ್ತದೆ. ಎಲೆ ತುಂಬಿ ಕಂಡರೂ ಕಣಜ ಬರಿದಾಗುತ್ತಿರಬಹುದು. ಹವಳವು ತನ್ನ ಕಟ್ಟಡಕ್ಕೆ ಕಾಳನ್ನು ತೆಗೆಯುವುದು ಈ ಕಣಜದಿಂದಲೇ.

ಹವಳ ಸಾಕುವವರು ಕ್ಷಾರತೆಯನ್ನು ಜರ್ಮನಿಯಲ್ಲಿ ರೂಢಿಗೆ ಬಂದ ಡಿಗ್ರಿ ಎಂಬ ಮಾನದಿಂದ ಅಳೆಯುತ್ತಾರೆ. ಕಡಲ ನೀರಿನ ಕ್ಷಾರತೆ ಸುಮಾರು 7 ಡಿಗ್ರಿ. ಹವಳವು ಲೀಟರಿಗೆ 20 ಮಿಲಿಗ್ರಾಂ ಕ್ಯಾಲ್ಸಿಯಮ್ಮನ್ನು ತೆಗೆದುಕೊಂಡಾಗಲೆಲ್ಲ ಕ್ಷಾರತೆ 2.8 ಡಿಗ್ರಿಯಷ್ಟು ಇಳಿಯುತ್ತದೆ. ಈ ಪ್ರಮಾಣ ಯಾರೋ ಗೊತ್ತುಮಾಡಿದ ಕಟ್ಟಳೆಯಲ್ಲ. ಕ್ಯಾಲ್ಸಿಯಂ ಕಾರ್ಬೊನೇಟಿನ ರಚನೆಯಲ್ಲಿಯೇ ಅಡಗಿರುವ ನಿಯಮ. ನಮ್ಮ ತೊಟ್ಟಿಗೆ ಇದನ್ನು ಅನ್ವಯಿಸಿ ನೋಡೋಣ. ದಿನಕ್ಕೆ ಒಂದು ಗ್ರಾಮಿನಂತೆ ನಾಲ್ಕು ದಿನ ಕಳೆದರೆ ಕ್ಯಾಲ್ಸಿಯಂ 420ರಿಂದ 400ಕ್ಕೆ ಇಳಿಯುತ್ತದೆ. ಇದು ಸುಮಾರು ಇಪ್ಪತ್ತರಲ್ಲಿ ಒಂದು ಪಾಲು. ಗಮನಕ್ಕೂ ಬಾರದಷ್ಟು ಅಲ್ಪ. ಅದೇ ನಾಲ್ಕು ದಿನಗಳಲ್ಲಿ ಕ್ಷಾರತೆ 7ರಿಂದ 4.2 ಡಿಗ್ರಿಗೆ ಇಳಿದಿರುತ್ತದೆ. ಇದು ಐದರಲ್ಲಿ ಎರಡು ಪಾಲು! ನಿಜವಾದ ತೊಟ್ಟಿಯಲ್ಲಿ ಕ್ಷಾರತೆ ಕುಗ್ಗಿದಂತೆ ಹವಳದ ಕೆಲಸವೂ ನಿಧಾನವಾಗುವುದರಿಂದ ಇಳಿತ ಇಷ್ಟು ಕ್ರಮವಾಗಿ ನಡೆಯದಿರಬಹುದು. ಆದರೂ ಪಾಠ ಸ್ಪಷ್ಟವಾಗಿದೆ. ಕ್ಯಾಲ್ಸಿಯಮ್ಮನ್ನು ಮಾತ್ರ ಅಳೆದು ಎಲ್ಲವೂ ಸರಿಯಾಗಿದೆಯೆಂದು ನೆಮ್ಮದಿಯಿಂದಿರುವವನ ಹವಳ, ಕ್ಷಾರತೆಯಿಲ್ಲದೆ ಸೊರಗುತ್ತದೆ. ಅನುಭವಿಗಳು ಮೊದಲು ಕ್ಷಾರತೆಯನ್ನು ಪರೀಕ್ಷಿಸುವುದು ಇದಕ್ಕಾಗಿಯೇ.

ಪರೀಕ್ಷೆ ಕಷ್ಟದ್ದಲ್ಲ. ಅಳೆದ ನೀರಿಗೆ ಬಣ್ಣದ ಸೂಚಕವನ್ನು ಬೆರೆಸಿ, ಗೊತ್ತಾದ ಬಲದ ಆಮ್ಲವನ್ನು ಒಂದೊಂದೇ ಹನಿ ಬಿಡುತ್ತ ಹೋಗಬೇಕು. ಬಣ್ಣ ಯಾವ ಹನಿಗೆ ಬದಲಾಗುವುದೋ ಅದನ್ನು ಎಣಿಸಿಕೊಂಡರೆ ಕ್ಷಾರತೆ ತಿಳಿಯುತ್ತದೆ. ಬೇಕಾದುದು ಜಾಣತನಕ್ಕಿಂತ ಹೆಚ್ಚಾಗಿ ಕ್ರಮ. ಒಂದೇ ಹೊತ್ತಿನಲ್ಲಿ ಅಳೆಯಬೇಕು. ಅಳೆದುದನ್ನು ತಾರೀಖಿನೊಡನೆ ಪುಸ್ತಕದಲ್ಲಿ ಬರೆದಿಡಬೇಕು. ಒಂದು ದಿನದ ಅಂಕಿಯಿಂದ ತಿಳಿಯದ ಸಂಗತಿ ಒಂದು ತಿಂಗಳ ಅಂಕಿಗಳಿಂದ ತಾನಾಗಿಯೇ ತಿಳಿಯುತ್ತದೆ.

ಕಳೆದುಹೋದುದನ್ನು ತುಂಬಿಕೊಡಲು ಹಲವು ದಾರಿಗಳಿವೆ. ಹವಳಗಳು ಕಡಿಮೆಯಿದ್ದರೆ ವಾರಕ್ಕೊಮ್ಮೆ ಸ್ವಲ್ಪ ನೀರನ್ನು ತೆಗೆದು, ಹೊಸದಾಗಿ ಬೆರೆಸಿದ ಲವಣದ ನೀರನ್ನು ಹಾಕಿದರೆ ಸಾಕು. ಹವಳಗಳು ಹೆಚ್ಚಿದಂತೆ ಇದು ಸಾಲದು. ಆಗ ಕ್ಯಾಲ್ಸಿಯಂ ಕ್ಲೋರೈಡಿನ ದ್ರಾವಣವೊಂದನ್ನೂ ಸೋಡಿಯಂ ಕಾರ್ಬೊನೇಟ್ ಅಥವಾ ಬೈಕಾರ್ಬೊನೇಟಿನ ದ್ರಾವಣವೊಂದನ್ನೂ ಬೇರೆ ಬೇರೆಯಾಗಿ, ಬೇರೆ ಬೇರೆ ಹೊತ್ತಿನಲ್ಲಿ, ಸರಿಪ್ರಮಾಣದಲ್ಲಿ ಸೇರಿಸುವುದುಂಟು. ಎರಡನ್ನೂ ಒಂದೇ ಪಾತ್ರೆಯಲ್ಲಿ ಬೆರೆಸಿದರೆ ಅಲ್ಲಿಯೇ ಬಿಳಿಯ ಗಸಿಯಾಗಿ ತಳಕ್ಕೆ ಇಳಿದುಬಿಡುತ್ತವೆ. ಮತ್ತೆ ಕೆಲವರು ಸತ್ತ ಹವಳದ ಚೂರುಗಳನ್ನು ಕೊಳವೆಯಲ್ಲಿ ತುಂಬಿ, ಇಂಗಾಲದ ಡೈಆಕ್ಸೈಡನ್ನು ಹಾಯಿಸಿ ಕರಗಿಸಿ, ಹಳೆಯ ಹವಳದಿಂದಲೇ ಹೊಸ ಹವಳಕ್ಕೆ ಬೇಕಾದ ಎರಡು ವಸ್ತುಗಳನ್ನೂ ಪಡೆಯುತ್ತಾರೆ.

ಇವೆಲ್ಲಕ್ಕಿಂತ ನಮಗೆ ಹತ್ತಿರವಾದುದು ಸುಣ್ಣದ ತಿಳಿನೀರಿನ ವಿಧಾನ. ನಮ್ಮ ಕರಾವಳಿಯಲ್ಲಿ ಕಪ್ಪೆಚಿಪ್ಪುಗಳನ್ನು ಗೂಡಿನಲ್ಲಿ ಸುಟ್ಟು, ನೀರೆರೆದು ಅರಳಿಸಿ, ಸುಣ್ಣ ಮಾಡುವುದು ಹಳೆಯ ಕಸುಬು. ಎಲೆಯಡಿಕೆಗೂ ಗೋಡೆಗೂ ಬಳಸಿದ ಆ ಅರಳಿದ ಸುಣ್ಣವನ್ನೇ ರಸಾಯನಶಾಸ್ತ್ರವು ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಎಂದು ಕರೆಯುತ್ತದೆ. ಅದನ್ನು ನೀರಿನಲ್ಲಿ ಕಲಸಿಟ್ಟರೆ ಗಸಿ ಕೆಳಗಿಳಿದು ಮೇಲೆ ತಿಳಿ ನಿಲ್ಲುತ್ತದೆ. ಒಂದು ಲೀಟರ್ ನೀರಿನಲ್ಲಿ ಕರಗುವ ಸುಣ್ಣ ಸುಮಾರು ಒಂದೂವರೆ ಗ್ರಾಂ ಮಾತ್ರ. ಸಕ್ಕರೆಯು ಬಿಸಿ ನೀರಿನಲ್ಲಿ ಹೆಚ್ಚು ಕರಗಿದರೆ, ಸುಣ್ಣವು ಬಿಸಿ ನೀರಿನಲ್ಲಿ ಕಡಿಮೆ ಕರಗುತ್ತದೆ ಎಂಬುದೊಂದು ವಿಶೇಷ. ತಿಳಿನೀರಿಗೆ ಕೊಳವೆಯಿಂದ ಉಸಿರನ್ನು ಊದಿದರೆ ಅದು ಹಾಲಿನಂತಾಗುವುದನ್ನು ನೀವು ಶಾಲೆಯಲ್ಲಿ ನೋಡಿದ್ದೀರಿ. ಉಸಿರಿನ ಇಂಗಾಲದ ಡೈಆಕ್ಸೈಡು ಸುಣ್ಣದೊಡನೆ ಕೂಡಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುವುದೇ ಇದಕ್ಕೆ ಕಾರಣ.

ಈ ತಿಳಿನೀರು ತೊಟ್ಟಿಗೆ ಎರಡು ಕುಡಿಕೆಗಳನ್ನೂ ಒಟ್ಟಿಗೆ, ಸರಿಯಾದ ಪ್ರಮಾಣದಲ್ಲಿ ತುಂಬಿಕೊಡುತ್ತದೆ. ತೊಟ್ಟಿಯಿಂದ ದಿನವೂ ಸ್ವಲ್ಪ ನೀರು ಆವಿಯಾಗುತ್ತದೆ. ಲವಣ ಹಿಂದೆ ಉಳಿಯುತ್ತದೆ. ಆವಿಯಾದಷ್ಟು ಸಿಹಿನೀರನ್ನು ಹೇಗೂ ಹಾಕಲೇಬೇಕು. ಅದರ ಬದಲಿಗೆ ತಿಳಿನೀರನ್ನು ಹಾಕಿದರೆ ಒಂದೇ ಕೆಲಸದಿಂದ ಎರಡು ಪ್ರಯೋಜನ. ನಮ್ಮ 200 ಲೀಟರಿನ ತೊಟ್ಟಿಗೆ ದಿನಕ್ಕೆ ಸುಮಾರು ಒಂದೂಕಾಲು ಲೀಟರ್ ತಿಳಿನೀರು ಸಾಕಾಗುತ್ತದೆ. ಆದರೆ ಅದನ್ನು ಒಮ್ಮೆಗೇ ಸುರಿಯಲಾಗದು. ತಿಳಿನೀರು ತೀವ್ರವಾದ ಕ್ಷಾರ. ಅದರ ಪಿಎಚ್ 12ನ್ನು ಮೀರಿರುತ್ತದೆ. ಕಡಲ ನೀರಿನದು 8ಕ್ಕಿಂತ ಸ್ವಲ್ಪ ಹೆಚ್ಚು. ಆದ್ದರಿಂದ ಹನಿಹನಿಯಾಗಿ, ಅದರಲ್ಲಿಯೂ ರಾತ್ರಿಯ ಹೊತ್ತು ಕೊಡುತ್ತಾರೆ. ರಾತ್ರಿ ಬೆಳಕಿಲ್ಲದೆ ಶೈವಲಗಳ ದ್ಯುತಿಸಂಶ್ಲೇಷಣೆ ನಿಲ್ಲುತ್ತದೆ. ತೊಟ್ಟಿಯ ಜೀವಿಗಳ ಉಸಿರಾಟದಿಂದ ಇಂಗಾಲದ ಡೈಆಕ್ಸೈಡು ಹೆಚ್ಚಿ ಪಿಎಚ್ ಇಳಿಯುತ್ತದೆ. ಆಗ ಹನಿಯುವ ಸುಣ್ಣದ ನೀರು ಆ ಇಳಿತವನ್ನು ತಡೆಯುತ್ತದೆ. ಇಲ್ಲಿ ಒಂದು ಎಚ್ಚರಿಕೆಯ ಮಾತು: ಎಲೆಯಡಿಕೆಯ ಸುಣ್ಣವನ್ನು ತೊಟ್ಟಿಗೆ ಬಳಸುವಂತಿಲ್ಲ, ಶುದ್ಧವಾದ ಕ್ಯಾಲ್ಸಿಯಂ ಹೈಡ್ರಾಕ್ಸೈಡೇ ಆಗಬೇಕು. ಸುಣ್ಣವು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ.

ಕೊರತೆಯಂತೆಯೇ ಅತಿಯೂ ಕೇಡು. ಕಡಲ ನೀರಿನಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ತಾನು ಸಹಜವಾಗಿ ಕರಗಿರಬಹುದಾದ ಮಿತಿಗಿಂತ ಹೆಚ್ಚಾಗಿಯೇ ಕರಗಿದೆ. ಹಾಗಿದ್ದರೂ ಅದು ಹರಳಾಗಿ ಇಳಿದುಬಿಡುವುದಿಲ್ಲ. ಇದಕ್ಕೆ ಮುಖ್ಯ ಕಾರಣ ಲೀಟರಿಗೆ ಸುಮಾರು 1,300 ಮಿಲಿಗ್ರಾಮಿನಷ್ಟಿರುವ ಮೆಗ್ನೀಸಿಯಂ. ಅಡಿಗೆಮನೆಯಲ್ಲಿ ಜಾಮೂನಿಗೆ ಸಕ್ಕರೆ ಪಾಕ ಮಾಡುವಾಗ, ಪಾಕ ಹರಳುಗಟ್ಟದಿರಲೆಂದು ನಾಲ್ಕು ಹನಿ ನಿಂಬೆರಸ ಹಿಂಡುವುದನ್ನು ನೀವು ಕಂಡಿರಬಹುದು. ದಾರಿ ಬೇರೆಯಾದರೂ, ಕಡಲ ನೀರಿನಲ್ಲಿ ಮೆಗ್ನೀಸಿಯಂ ಮಾಡುವ ಉಪಕಾರ ಅದೇ. ಆದರೆ ಪಾಕದ ತಾಳ್ಮೆಗೂ ಎಲ್ಲೆಯುಂಟು. ಹವಳ ಬೇಗ ಬೆಳೆಯಲೆಂಬ ಆತುರದಿಂದ ಒಮ್ಮೆಗೇ ಬಹಳ ಸುಣ್ಣವನ್ನು ಸುರಿದರೆ, ತೊಟ್ಟಿಯ ನೀರೆಲ್ಲ ಮಂಜು ಬಿದ್ದಂತೆ ಬೆಳ್ಳಗಾಗುತ್ತದೆ. ಕರಗಿದ್ದುದು ಹರಳಾಗಿ ಗಾಜಿಗೂ ಕೊಳವೆಗಳಿಗೂ ಅಂಟುತ್ತದೆ. ಹಾಕಿದ್ದೂ ಹೋಯಿತು, ಇದ್ದುದೂ ಹೋಯಿತು ಎಂಬಂತೆ ಕ್ಯಾಲ್ಸಿಯಂ, ಕ್ಷಾರತೆ ಎರಡೂ ಕುಸಿಯುತ್ತವೆ. ಎಷ್ಟೋ ವರ್ಷಗಳಿಂದ ಬೆಳೆದ ಹವಳ ಒಂದು ರಾತ್ರಿಯ ಆತುರಕ್ಕೆ ಬಲಿಯಾಗಬಹುದು. ಕ್ಯಾಲ್ಸಿಯಮ್ಮನ್ನು 380ರಿಂದ 450ರ ಒಳಗೆ, ಕ್ಷಾರತೆಯನ್ನು 7ರಿಂದ 11 ಡಿಗ್ರಿಯ ಒಳಗೆ ಇಡುವುದು ರೂಢಿ. ಆ ಎಲ್ಲೆಯೊಳಗೆ ಯಾವ ಅಂಕಿಯನ್ನು ಆರಿಸಿಕೊಂಡರೂ, ಅದನ್ನು ದಿನದಿಂದ ದಿನಕ್ಕೆ ಕದಲದಂತೆ ಕಾಯುವುದು ಮುಖ್ಯ. ಇಳಿದುಹೋಗಿದ್ದರೂ ಏರಿಸುವುದು ಮೆಲ್ಲಗೆಯೇ ಆಗಬೇಕು.

ಗಾಜಿನ ತೊಟ್ಟಿಯ ಈ ಲೆಕ್ಕ ಹವ್ಯಾಸಿಗಳ ವಿನೋದಕ್ಕಷ್ಟೇ ಸೀಮಿತವಾದುದೆಂದು ತಿಳಿಯಬಾರದು. ಅಮೆರಿಕದ ಅರಿಜೋನ ಮರುಭೂಮಿಯಲ್ಲಿ ಬಯೋಸ್ಫಿಯರ್ 2 ಎಂಬ ಗಾಜಿನ ಮಹಾಗೃಹವಿದೆ. 1991ರಿಂದ 1993ರವರೆಗೆ ಎಂಟು ಮಂದಿ ಅದರೊಳಗೆ ಹೊರಗಿನ ಸಂಪರ್ಕವನ್ನು ಬಹುಮಟ್ಟಿಗೆ ಕಡಿದುಕೊಂಡು ವಾಸಿಸಿದ್ದರು. ಅದರಲ್ಲಿ ಸುಮಾರು 26 ಲಕ್ಷ ಲೀಟರ್ ನೀರಿನ ಕೃತಕ ಕಡಲೂ ಹವಳದ ದಿಬ್ಬವೂ ಇದ್ದುವು. ಆ ನೀರಿನ ರಾಸಾಯನಿಕ ಸ್ಥಿತಿಯನ್ನು ಬೇಕೆಂದೇ ಬದಲಾಯಿಸುತ್ತ, ಹವಳಗಳು ಎಷ್ಟು ಸುಣ್ಣವನ್ನು ಕಟ್ಟುತ್ತವೆ ಎಂಬುದನ್ನು ಕ್ರಿಸ್ ಲ್ಯಾಂಗ್ಡನ್ ಮತ್ತು ಸಂಗಡಿಗರು ಅಳೆದರು. ನೀರಿನಲ್ಲಿ ಕಾರ್ಬೊನೇಟ್ ಕುಗ್ಗಿದಂತೆ ಹವಳದ ಕಟ್ಟಡವೂ ಕುಗ್ಗುತ್ತದೆ ಎಂಬುದು 2000ದಲ್ಲಿ ಪ್ರಕಟವಾದ ಅವರ ಸಂಶೋಧನೆಯ ಸಾರ.

ಈ ಮಾತು ನಿಜವಾದ ಕಡಲಿಗೂ ಸಲ್ಲುತ್ತದೆ. ಕೈಗಾರಿಕೆಗಳ ಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 280 ಪಾಲು ಇದ್ದ ಇಂಗಾಲದ ಡೈಆಕ್ಸೈಡು ಈಗ 420ನ್ನು ಮೀರಿದೆ. ಅದರ ಒಂದು ಅಂಶವನ್ನು ಸಾಗರವು ಹೀರಿಕೊಳ್ಳುತ್ತದೆ. ಹೀರಿದ ಆ ಅನಿಲವು ನೀರಿನ ಕಾರ್ಬೊನೇಟನ್ನು ಬೈಕಾರ್ಬೊನೇಟಾಗಿ ಮಾರ್ಪಡಿಸುತ್ತದೆ. ಹೀಗಾಗಿ ಒಟ್ಟು ಕ್ಷಾರತೆ ಇದ್ದಷ್ಟೇ ಇದ್ದರೂ, ಹವಳಕ್ಕೆ ಕಟ್ಟಡದ ಕೆಲಸ ಕಠಿಣವಾಗುತ್ತದೆ. ಸಾಗರದ ಮೇಲ್ಪದರದ ಪಿಎಚ್ ಸುಮಾರು 8.2ರಿಂದ 8.1ಕ್ಕೆ ಇಳಿದಿದೆ. ಇದರೊಂದಿಗೆ ಕಡಲಿನ ತಾಪವೂ ಏರುತ್ತಿದೆ. ತಾಪ ಹೆಚ್ಚಿದಾಗ ಹವಳವು ತನ್ನೊಳಗಿನ ಶೈವಲಗಳನ್ನು ಕಳೆದುಕೊಂಡು ಬಿಳಿಚಿಕೊಳ್ಳುತ್ತದೆ. ಲಕ್ಷದ್ವೀಪದ ಹವಳಗಳು 1998, 2010 ಮತ್ತು 2016ರಲ್ಲಿ ಈ ಆಪತ್ತಿಗೆ ಸಿಲುಕಿದುವು. ಮನೆಯ ತೊಟ್ಟಿಗೆ ತಿಳಿನೀರನ್ನು ಹನಿಸಿದಷ್ಟು ಸುಲಭವಾಗಿ ಸಾಗರವನ್ನು ಸರಿಪಡಿಸಲಾಗದು. ಕೆಡದಂತೆ ಕಾಯುವುದೇ ಅಲ್ಲಿ ಮೊದಲ ಉಪಾಯ.

ನಮ್ಮ ದೇಶದಲ್ಲಿ ಲಕ್ಷದ್ವೀಪ, ಅಂಡಮಾನ್ ಮತ್ತು ನಿಕೋಬಾರ್, ಕಛ್ ಕೊಲ್ಲಿ, ಮನ್ನಾರ್ ಕೊಲ್ಲಿಗಳಲ್ಲಿ ಹವಳದ ದಿಬ್ಬಗಳಿವೆ. ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದಾಚೆ ಕಡಲಲ್ಲಿರುವ ನೇತ್ರಾಣಿ ದ್ವೀಪದ ಸುತ್ತಲೂ ಹವಳಗಳು ಬದುಕಿವೆ. ಕಲ್ಲುಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು. ಹುಲಿಗೆ ಯಾವ ರಕ್ಷಣೆಯೋ ಹವಳಕ್ಕೂ ಅದೇ ರಕ್ಷಣೆ. ಅಂದವಾಗಿದೆಯೆಂದು ಕಡಲಿನಿಂದ ಅದನ್ನು ಮುರಿದು ತರುವುದು ಅಪರಾಧ.

ಹವಳದ ತೊಟ್ಟಿಯನ್ನು ನಾವು ಎಂದೂ ಇಡದಿರಬಹುದು. ಆದರೂ ಅದರಿಂದ ಕಲಿಯುವುದು ಬಹಳವಿದೆ. ಕಣ್ಣಿಗೆ ಕಾಣದ ಎರಡು ವಸ್ತುಗಳು ಒಂದನ್ನೊಂದು ಬಿಡದೆ ನಡೆಯುತ್ತವೆ. ಒಂದನ್ನು ಮರೆತರೆ ಇನ್ನೊಂದು ಇದ್ದೂ ಫಲವಿಲ್ಲ. ಹೆಚ್ಚಾಗಿ ಕಾಣುವುದನ್ನಲ್ಲ, ಬೇಗ ಬರಿದಾಗುವುದನ್ನು ಮೊದಲು ಗಮನಿಸಬೇಕು. ಒಂದು ದಿನದ ಧಾರಾಳಕ್ಕಿಂತ ಪ್ರತಿದಿನದ ಹನಿಯೇ ಜೀವವನ್ನು ಕಾಯುತ್ತದೆ. 200 ಲೀಟರ್ ನೀರಿನ ಹದವನ್ನು ಕಾಯಲು ಒಬ್ಬ ಮನುಷ್ಯನಿಗೆ ಇಷ್ಟು ಎಚ್ಚರ ಬೇಕಾದರೆ, ಯಾರ ಸಹಾಯವೂ ಇಲ್ಲದೆ ಇಷ್ಟು ಕಾಲ ಆ ಹದವನ್ನು ಕಾದುಕೊಂಡು ಬಂದ ಕಡಲಿನ ಹಿರಿಮೆ ಎಂತಹುದು! ಆ ಹದವನ್ನು ಕೆಡಿಸದಿರುವ ಹೊಣೆ ನಮ್ಮೆಲ್ಲರದು.

ಅಭ್ಯಾಸ

1. ಕಡಲಿನ ಹವಳಕ್ಕೆ ಇಲ್ಲದ ಚಿಂತೆ ತೊಟ್ಟಿಯ ಹವಳಕ್ಕೆ ಏಕೆ ಬರುತ್ತದೆ?
2. ಪಿಎಚ್ ಮತ್ತು ಕ್ಷಾರತೆಗಳ ವ್ಯತ್ಯಾಸವನ್ನು ಲೇಖಕರು ಯಾವ ಹೋಲಿಕೆಯಿಂದ ವಿವರಿಸಿದ್ದಾರೆ?
3. ಸುಣ್ಣದ ತಿಳಿನೀರನ್ನು ರಾತ್ರಿಯ ಹೊತ್ತು ಹನಿಹನಿಯಾಗಿ ಕೊಡುವುದೇಕೆ?
4. ತೊಟ್ಟಿಯೊಂದರಲ್ಲಿ ಹವಳಗಳ ಬೆಳವಣಿಗೆಯಿಂದ ಕ್ಷಾರತೆ 1.4 ಡಿಗ್ರಿ ಇಳಿದಿದೆ. ಲೀಟರಿಗೆ ಎಷ್ಟು ಮಿಲಿಗ್ರಾಂ ಕ್ಯಾಲ್ಸಿಯಂ ಕಡಿಮೆಯಾಗಿರುತ್ತದೆ?
5. ‘ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು’ ಎಂಬ ಗಾದೆ ಈ ಪಾಠಕ್ಕೆ ಹೇಗೆ ಒಪ್ಪುತ್ತದೆ? ನಿಮ್ಮ ಮಾತುಗಳಲ್ಲಿ ಬರೆಯಿರಿ.